ಕೆಳಗಿನ ಖಾನೆಯ ಹಲ್ಲುಗುರುತು

ಕಬ್ಬಿಣದ ಕಡ್ಡಿ ಕೆಂಡದಲ್ಲಿ ಕೆಂಪಗೆ ಕಾದಿತ್ತು. ಸೆಗುಂದೊ ಅದನ್ನು ಇಕ್ಕಳದಲ್ಲಿ ಹಿಡಿದು ಹೊಸ ಖಾನೆಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಏಳು ಖಾನೆಗಳಲ್ಲಿ ಕೆಳಗಿನದನ್ನು ಹೊರಗೆಳೆದು ಮಗುಚಿ ಹಾಕಿದ್ದ. ಅದರ ತಳದಲ್ಲಿ ಮೇಸ್ತ್ರಿಯ ಹೆಸರನ್ನು ಸುಟ್ಟು ಬರೆದರೆ, ಆ ಖಾನೆಯ ಒಳಹೊದಿಕೆಯೊಂದು ಬಿಟ್ಟು ಹದಿನಾಲ್ಕು ತಿಂಗಳ ಕೆಲಸ ಮುಗಿದಂತೆ. ಅಂಥ ಗಳಿಗೆಯಲ್ಲಿ ಅವನ ಹೆಂಡತಿ ಓತಿಲಿಯಾ, ಹತ್ತೊಂಬತ್ತು ವರ್ಷದಿಂದ ತುಟಿಯವರೆಗೆ ಬಂದು ವಾಪಸು ಹೋಗುತ್ತಿದ್ದ ಮಾತನ್ನು ಆಡಿಯೇಬಿಟ್ಟಳು.

“ಪಕ್ಕದಲ್ಲಿ ನನ್ನ ಹೆಸರೂ ಹಾಕು ಸೆಗುಂದೊ. ಚಿಕ್ಕದಾಗಿ ಹಾಕಿದ್ರೂ ಸಾಕು.”

ಸೆಗುಂದೊ ತಲೆ ಎತ್ತಲಿಲ್ಲ. ಉತ್ತರ ಬಂದದ್ದು ಅಗ್ಗಿಷ್ಟಿಕೆಯ ಪಕ್ಕದ ಕುರ್ಚಿಯಿಂದ. ಅಲ್ಲಿ ಅವನ ತಾಯಿ, ಎಂಬತ್ತು ವರ್ಷದ, ಬೀದಿಯವರೆಲ್ಲ ಗೌರವದಿಂದ ಡೋನ್ಯಾ ಎನ್ನುವ ಸೋಯ್ಲಾ, ಕಪ್ಪು ಶಾಲು ಹೊದ್ದು ಬಿಸಿ ಬೆಲ್ಲದ ನೀರು ಕುಡಿಯುತ್ತ ಕೂತಿದ್ದಳು.

“ಅಂಟು ಅಗಿಯೋಳಿಗೆ ಹೆಸರು ಬೇಕಂತೆ. ನಾಳೆ ಒಲೆ ಊದೋಳು ಬರ್ತಾಳೆ, ನಾಡಿದ್ದು ಕಸ ಗುಡಿಸೋಳು ಬರ್ತಾಳೆ. ಪೆಟ್ಟಿಗೆ ತುಂಬ ಹೆಸರೇ ಆದ್ರೆ ಬಟ್ಟೆ ಎಲ್ಲಿಡೋದು ಮಗಾ?”

ಸೆಗುಂದೊ ಕಡ್ಡಿಯನ್ನು ಮತ್ತೆ ಕೆಂಡಕ್ಕೆ ತೂರಿಸಿದ. ಗುರುವಾರ ರಾಜಧಾನಿಯ ಮ್ಯೂಸಿಯಮ್ಮಿನಿಂದ ಡಾನ್ ಬೆಲಿಸಾರಿಯೊ ಬರುತ್ತಾರೆ, ಅವರು ನೋಡಿ ಹೋದಮೇಲೆ ಹೆಸರು ಹಾಕಿದರಾಯಿತು ಎಂದು ಗೊಣಗಿದ. ಇಲ್ಲ ಅನ್ನುವ ಧೈರ್ಯವೂ ಇಲ್ಲ, ಹೂಂ ಅನ್ನುವ ಧೈರ್ಯವೂ ಇಲ್ಲ. ಅಂಥ ಗಂಡಸರನ್ನು ಒಳ್ಳೆಯವನು ಅನ್ನುವುದು ನಮ್ಮ ಬೀದಿಯ ವಾಡಿಕೆ.

ಪಾಸ್ತೊ ಊರಿನ ನಮ್ಮ ಬೀದಿಯಲ್ಲಿ ಬಣ್ಣವನ್ನು ಕುಂಚದಲ್ಲಿ ಬಳಿಯುವುದಿಲ್ಲ. ಬೆಟ್ಟದ ಆಚೆ, ಕೆಳಗಿನ ಬಿಸಿಕಾಡಿನಿಂದ ಮರದ ಮೊಗ್ಗಿನ ಅಂಟು ಬರುತ್ತದೆ. ಅದನ್ನು ಕುದಿಸಿ, ಕುಟ್ಟಿ, ಬಾಯಲ್ಲಿ ಅಗಿದು ಕಸ ತೆಗೆದು, ಬಣ್ಣ ಕಲಸಿ, ಬಿಸಿಯಿರುವಾಗಲೇ ಎಳೆದು ತೆಳ್ಳನೆಯ ಪೊರೆ ಮಾಡಬೇಕು. ಆ ಪೊರೆಯಲ್ಲಿ ಹಕ್ಕಿ, ಹೂವು, ಬಳ್ಳಿ ಕತ್ತರಿಸಿ ಮರಕ್ಕೆ ಒತ್ತಿದರೆ ನೂರು ವರ್ಷವಾದರೂ ಏಳುವುದಿಲ್ಲ. ಪೊರೆ ಎಳೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಒಂದು ಅಂಚನ್ನು ಕೈಯಲ್ಲಿ ಹಿಡಿದು ಅಲುಗಾಡದೆ ನಿಲ್ಲುತ್ತಾರೆ. ಇನ್ನೊಬ್ಬರು ಎದುರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ನಡುಭಾಗವನ್ನು ಹಲ್ಲಲ್ಲಿ ಕಚ್ಚಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಪೊರೆ ಇನ್ನೇನು ಹರಿಯುತ್ತದೆ ಅನ್ನುವುದು ಕೈಗೆ ಗೊತ್ತಾಗುವುದಿಲ್ಲ, ಹಲ್ಲಿಗೆ ಗೊತ್ತಾಗುತ್ತದೆ. ಆದ್ದರಿಂದ ನಮ್ಮಲ್ಲಿ ಕಚ್ಚುವವನೇ ಮೇಸ್ತ್ರಿ. ಹಿಡಿದು ನಿಲ್ಲುವವಳು ಹೆಂಡತಿ.

ಸೆಗುಂದೊನ ಮನೆಯಲ್ಲಿ ಇದು ತಿರುಗುಮುರುಗಾಗಿತ್ತು. ಓತಿಲಿಯಾ ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ, ಅವನು ಒಂದು ಬೆಳಗ್ಗೆ ಸಾಲಾಗಿ ಐದು ಪೊರೆ ಹರಿದು ತಲೆಮೇಲೆ ಕೈಹೊತ್ತು ಕೂತಾಗ, ಇಲ್ಲಿ ಕೊಡು ನೋಡೋಣ ಅಂದಿದ್ದಳು. ಅಂದಿನಿಂದ ಕಚ್ಚುವವಳು ಅವಳು, ಹಿಡಿಯುವವನು ಅವನು. ಬಾಗಿಲು ಬಡಿದ ಸದ್ದಾದರೆ ಇಬ್ಬರೂ ಮಾತಿಲ್ಲದೆ ಜಾಗ ಬದಲಿಸಿಕೊಳ್ಳುತ್ತಿದ್ದರು. ಹೊಸ ಪೆಟ್ಟಿಗೆಯ ಮರದ ಕೆಲಸ ಅವನದು, ಅದರಲ್ಲಿ ಸುಳ್ಳಿಲ್ಲ. ಆದರೆ ಅದರ ಮೈಮೇಲಿನ ಒಂದೊಂದು ಹಕ್ಕಿಯೂ ಓತಿಲಿಯಾಳ ಹಲ್ಲಿನಿಂದ, ಓತಿಲಿಯಾಳ ಅಲಗಿನಿಂದ ಹುಟ್ಟಿದ್ದು. ಅತ್ತೆಗೆ ಇದು ಗೊತ್ತಿತ್ತು. ಗೊತ್ತಿದ್ದೇ ಹಂಗಿಸುತ್ತಿದ್ದಳು.

ಮುಂದಿನ ಕೋಣೆಯಲ್ಲಿ ಹಳೆಯ ಖಾನೆಪೆಟ್ಟಿಗೆ ನಿಂತಿತ್ತು. ಸೋಯ್ಲಾಳ ಗಂಡ, ತೀರಿಹೋದ ಡಾನ್ ಕ್ಲೀಮಾಕೊ, ಅರವತ್ತೆರಡು ವರ್ಷದ ಹಿಂದೆ ಮಾಡಿದ್ದು. ಅದರ ಪೊರೆ ಎಷ್ಟು ತೆಳುವೆಂದರೆ ಹಕ್ಕಿಯ ರೆಕ್ಕೆಯೊಳಗೆ ಮರದ ಗೆರೆ ಕಾಣುತ್ತಿತ್ತು. ಅಂಥವು ಒಟ್ಟು ಏಳು ಆದವು. ಆರು ಕೀತೊ, ಪೊಪಾಯಾನ್ ಎಂದು ದೂರದೂರದ ಊರು ಸೇರಿದವು, ಮೊದಲನೆಯದು ಮನೆಯಲ್ಲೇ ಉಳಿಯಿತು. ಆಮೇಲೆ ಯಾಕೋ ಡಾನ್ ಕ್ಲೀಮಾಕೊನ ಕೆಲಸ ದಪ್ಪವಾಯಿತು, ಒರಟಾಯಿತು. ಕಣ್ಣು ಮಂಜಾಗಿದೆ ಪಾಪ, ಅಂದರು ಜನ. ಈಗ ಮ್ಯೂಸಿಯಮ್ಮಿನ ಡಾನ್ ಬೆಲಿಸಾರಿಯೊ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಲು ಬರುತ್ತಿದ್ದರು. ಸರಿಸಮ ಅನ್ನಿಸಿದರೆ ಎರಡನ್ನೂ ರಾಜಧಾನಿಯಲ್ಲಿ ನಿಲ್ಲಿಸಿ, ಕೆಳಗೆ ಮೇಸ್ತ್ರಿಯ ಹೆಸರು ಬರೆಸುವುದೆಂದು ಮಾತಾಗಿತ್ತು. ಆ ಹೆಸರಿನ ಪಕ್ಕ ತನ್ನ ಹೆಸರೂ ಇರಲಿ... ಓತಿಲಿಯಾ ಕೇಳಿದ್ದು ಇಷ್ಟೇ.

ಮಂಗಳವಾರ ಅತ್ತೆ ಪೂಜೆಗೆ ಚರ್ಚಿಗೆ ಹೋದಾಗ ಓತಿಲಿಯಾ ಹಳೆಯ ಪೆಟ್ಟಿಗೆಯನ್ನು ಒರೆಸಲು ಕೂತಳು. ಕೆಳಗಿನ ಖಾನೆಯನ್ನು ಆ ಮನೆಯಲ್ಲಿ ಅತ್ತೆ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಸೋಯ್ಲಾ ಅದರಲ್ಲಿ ತನ್ನ ಸಾವಿಗೆಂದು ಹೊಲಿಸಿದ ಉಡುಪನ್ನು ಮಡಿಸಿಟ್ಟಿದ್ದಳು. ಆದರೆ ಡಾನ್ ಬೆಲಿಸಾರಿಯೊ ಖಾನೆ ಎಳೆದಾಗ ಧೂಳು ಕಂಡರೆ ಮಾತು ಕೇಳಬೇಕಾದವಳು ಸೊಸೆ ತಾನೇ? ಉಡುಪನ್ನು ಎತ್ತಿ ಹಾಸಿಗೆಯ ಮೇಲಿಟ್ಟು, ಖಾನೆಯನ್ನು ಕಿಟಕಿಯ ಬೆಳಕಿಗೆ ತಂದಳು.

ಒಳಗೆ ಹುಳು ಹತ್ತದಿರಲೆಂದು ಖಾನೆಗಳಿಗೆ ಪೊರೆಯ ಕತ್ತರಿಸಿದ ಅಂಚುಗಳನ್ನು ಒತ್ತುವುದು ಹಳೆಯ ಪದ್ಧತಿ. ಅಂಚಿನಲ್ಲಿ ಮೇಸ್ತ್ರಿಯ ಹಲ್ಲಿನ ಗುರುತು ಇದ್ದೇ ಇರುತ್ತದೆ. ಇಲ್ಲಿಯೂ ಇತ್ತು, ತುಂಡು ತುಂಡಿನಲ್ಲೂ ಇತ್ತು. ಸಣ್ಣ ಬಾಯಿ. ಮೇಲಿನ ಸಾಲಿನ ಎರಡನೆಯ ಹಲ್ಲು ಓರೆಯಾಗಿ ಅರ್ಧ ಮುರಿದದ್ದು. ಓತಿಲಿಯಾ ಒಂದೊಂದೇ ತುಂಡನ್ನು ಬೆರಳಲ್ಲಿ ಸವರಿದಳು. ಎಲ್ಲದರಲ್ಲೂ ಅದೇ ಮುರಿದ ಹಲ್ಲು...

ಅವಳು ಹಾಗೇ ಕೂತಿರುವಾಗ ಬಾಗಿಲಲ್ಲಿ ಸೋಯ್ಲಾ ನಿಂತಿದ್ದಳು.

“ಸಾಯೋವಾಗ್ಲೂ ಮಾವನ ಮೂವತ್ತೆರಡು ಹಲ್ಲೂ ಗಟ್ಟಿ ಇದ್ವು ಅಂತ ನೀವೇ ಹೇಳ್ತಿದ್ರಿ ಅತ್ತೆ. ಇದು ಯಾರ ಹಲ್ಲು?”

ಬೈಗುಳ ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಮುದುಕಿ ಬಾಗಿಲಿಗೆ ಅಗುಳಿ ಹಾಕಿ, ಸಾವಿನ ಉಡುಪನ್ನು ಪಕ್ಕಕ್ಕೆ ಸರಿಸಿ ಹಾಸಿಗೆಯ ಮೇಲೆ ಕೂತಳು.

“ಬಾವಿಕಟ್ಟೆ ಮೇಲೆ ಬಿದ್ದಿದ್ದೆ. ಒಂಬತ್ತು ವರ್ಷ ಆಗ ನಂಗೆ.”

ಆಮೇಲೆ ಹೇಳಿದ್ದನ್ನು ಅವಳು ತಡೆತಡೆದು ಹೇಳಿದಳು. ಹದಿನೆಂಟನೆಯ ವಯಸ್ಸಿನಲ್ಲಿ ಈ ಪೆಟ್ಟಿಗೆಯ ಪೊರೆಯನ್ನು ಎಳೆದವಳು ತಾನು. ಹಕ್ಕಿಗಳನ್ನು ಕತ್ತರಿಸಿದವಳು ತಾನು. ಕ್ಲೀಮಾಕೊ ಒಳ್ಳೆಯ ಬಡಗಿ, ಆದರೆ ಅಂಟು ಅವನ ಮಾತು ಕೇಳುತ್ತಿರಲಿಲ್ಲ. ಹದಿನಾಲ್ಕು ವರ್ಷ ಯಾರಿಗೂ ಗೊತ್ತಾಗದೆ ನಡೆಯಿತು. ಒಂದು ದಿನ ಪೊಪಾಯಾನಿನಿಂದ ಒಬ್ಬ ಪಾದ್ರಿ ಬಂದವರು ಖಾನೆ ಎಳೆದು ನೋಡಿ, ಮೇಸ್ತ್ರಿ, ನಮ್ಮ ಪೆಟ್ಟಿಗೆಯಲ್ಲೂ ಇದೇ ಮುರುಕು ಹಲ್ಲಿದೆ, ನಿಮ್ಮ ಹಲ್ಲು ನೋಡಿದರೆ ನೆಟ್ಟಗಿದೆಯಲ್ಲ ಎಂದು ತಮಾಷೆ ಮಾಡಿದರು. ಕ್ಲೀಮಾಕೊ ಕೂಡ ನಕ್ಕ. ಅದೇ ವಾರ ಹೆಂಡತಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ.

ಈ ಕಥೆಯ ಇನ್ನೊಂದು ಮುಖ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಸೋಯ್ಲಾ ಮೂವತ್ತೆರಡನೆಯ ವಯಸ್ಸಿನಲ್ಲಿ ಗಟ್ಟಿ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಚಿನ್ನದ ಅಂಚಿನ ಹಲ್ಲುಸೆಟ್ಟು ಹಾಕಿಸಿಕೊಂಡಳಂತೆ, ಎಂಥ ಶೋಕಿ ನೋಡಿ ಎಂದು ನಾವೆಲ್ಲ ನಕ್ಕವರೇ. ನನ್ನ ತಾಯಿಯೂ ನಕ್ಕಿದ್ದಳು.

“ಹೊಡೆದ್ರಾ ಅತ್ತೆ?”

“ಹೊಡೆದಿದ್ರೆ ಎದುರು ನಿಲ್ತಿದ್ದೆ. ಅತ್ತ ಕಣೇ. ನನ್ನ ಮುಂದೆ ಮಂಡಿಯೂರಿ ಅತ್ತ. ಖಾನೆ ಕೆರೆದುಹಾಕು ಅಂದೆ. ಇದೊಂದನ್ನ ಕೆರೀಬೋದು, ಆರು ಪೆಟ್ಟಿಗೆ ಊರೂರು ಸೇರಿದಾವೆ, ಎಲ್ಲಿ ಅಂತ ಹೋಗಿ ಕೆರೀಲಿ ಅಂದ. ಬಾಯಿ ಒಂದೇ ಇತ್ತಲ್ಲ. ಅದೇ ಸುಲಭ ಆಯ್ತು.”

ಕಟ್ಟಿಸಿದ ಹಲ್ಲಲ್ಲಿ ಪೊರೆ ಕಚ್ಚಿದರೆ ಸೆಟ್ಟೇ ಜಾರಿ ಬರುತ್ತಿತ್ತು. ಅಂದಿನಿಂದ ಸೋಯ್ಲಾ ಒಂದು ಪೊರೆಯನ್ನೂ ಎಳೆಯಲಿಲ್ಲ. ಡಾನ್ ಕ್ಲೀಮಾಕೊನ ಕಣ್ಣು ಮಂಜಾದದ್ದು ಹಾಗೆ.

ಮುದುಕಿ ಶಾಲಿನ ಒಳಗಿನಿಂದ ತಂಬಾಕಿನ ಹಳೆಯ ಡಬ್ಬಿಯೊಂದನ್ನು ತೆಗೆದು ಸೊಸೆಯ ಮಡಿಲಿಗೆ ಹಾಕಿದಳು. ಅಲ್ಲಾಡಿಸಿದರೆ ಒಣಗಿದ ಜೋಳದ ಕಾಳಿನ ಸದ್ದು. ಓತಿಲಿಯಾ ಮುಚ್ಚಳ ತೆಗೆದಳು, ನೋಡಿದಳು, ಮುಚ್ಚಿದಳು. ಹತ್ತೊಂಬತ್ತು ವರ್ಷ ಈ ಬಾಯಿಂದ ಬಂದ ಒಂದೊಂದು ಚುಚ್ಚುಮಾತೂ ನೆನಪಾಯಿತು, ಆದರೆ ಕೋಪ ಮಾತ್ರ ಬರಲಿಲ್ಲ.

“ನಾನು ಸತ್ತಾಗ ಇದನ್ನ ನನ್ನ ಜೊತೆ ಇಟ್ಬಿಡು. ಹೋಗೋವಾಗ ಪೂರ್ತಿಯಾಗಿ ಹೋಗ್ತೀನಿ.”

“ಇಡ್ತೀನಿ. ಅತ್ತೆ... ಗುರುವಾರ ಅವರ ಮುಂದೆ ಹೇಳ್ತೀರಾ? ನಿಮ್ಮದು ಹೇಳಿದ್ರೆ ಸಾಕು. ನಂದು ತಾನಾಗೇ ಹೇಳಿದ ಹಾಗಾಗುತ್ತೆ.”

ಸೋಯ್ಲಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಬ್ಬಿಯನ್ನು ವಾಪಸು ತೆಗೆದುಕೊಳ್ಳುವಾಗ ಸೊಸೆಯ ಕೆನ್ನೆಯನ್ನು ಬೆರಳಲ್ಲಿ ಮುಟ್ಟಿದಳು. ಆ ಒಂದು ಸ್ಪರ್ಶವನ್ನೇ ಹೂಂ ಎಂದುಕೊಂಡು ಓತಿಲಿಯಾ ಎರಡು ದಿನ ಸಂತೋಷವಾಗಿದ್ದಳು. ಪಾಪದ ಹೆಂಗಸು! ಬುಧವಾರ ಆಲೂಗೆಡ್ಡೆ ಬೇಯಿಸುತ್ತ ಹಾಡು ಗುನುಗಿದ್ದನ್ನು ಪಕ್ಕದ ಮನೆಯವರು ಕೇಳಿದ್ದಾರೆ.

ಗುರುವಾರ ಡಾನ್ ಬೆಲಿಸಾರಿಯೊ ಬಂದರು. ಬಿಳಿಗೂದಲಿನ, ಮೆತ್ತಗೆ ಮಾತಾಡುವ, ಕೈಯಲ್ಲಿ ಭೂತಗನ್ನಡಿ ಹಿಡಿದ ಮನುಷ್ಯ. ಎರಡು ಪೆಟ್ಟಿಗೆಗಳ ಸುತ್ತ ತಾಸುಗಟ್ಟಲೆ ಸುತ್ತಿದರು. ಹೊಸದರ ಹಕ್ಕಿಯ ಮೇಲೆ ಬೆರಳಾಡಿಸಿ, ಇಷ್ಟು ತೆಳು ಪೊರೆಯನ್ನು ಈ ಕಾಲದಲ್ಲಿ ಎಲ್ಲೂ ನೋಡಿಲ್ಲ ಅಂದರು. ಕೊನೆಗೆ ಹಳೆಯದರ ಕೆಳಗಿನ ಖಾನೆಯನ್ನು ಎಳೆದು ಗಾಜು ಹಿಡಿದು ಬಗ್ಗಿದರು.

“ಮೇಸ್ತ್ರಿಗೆ ಒಂದು ಹಲ್ಲು ಮುರಿದಿತ್ತು ಅಂತ ಕಾಣುತ್ತೆ ಡೋನ್ಯಾ ಸೋಯ್ಲಾ?”

ಸೋಯ್ಲಾ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದಳು.

“ಹೌದು ಸ್ವಾಮಿ. ನನ್ನ ಗಂಡ ಚಿಕ್ಕವನಿದ್ದಾಗ ಬಾವಿಕಟ್ಟೆ ಮೇಲೆ ಬಿದ್ದಿದ್ದ. ಆಮೇಲೆ ಕಟ್ಟಿಸಿಕೊಂಡ.”

ತಾನು ಬಿದ್ದದ್ದನ್ನೂ ಗಂಡನಿಗೆ ಕೊಟ್ಟುಬಿಟ್ಟಳು ಆ ತಾಯಿ. ಸೆಗುಂದೊ ತಟ್ಟನೆ ಅಮ್ಮನ ಮುಖ ನೋಡಿದ. ಅಪ್ಪ ಹಲ್ಲಿನಿಂದ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದದ್ದನ್ನು ಕಂಡೇ ಬೆಳೆದವನು ಅವನು. ನೋಡಿ, ಮತ್ತೆ ನೆಲ ನೋಡಿದ.

ಡಾನ್ ಬೆಲಿಸಾರಿಯೊ ಅದನ್ನು ಬರೆದುಕೊಂಡರು. ಬರೆದುಕೊಂಡು, ಹೊರಡುವ ಮುಂಚೆ ಒಂದು ಪೊರೆ ಎಳೆದು ತೋರಿಸಬಹುದೇ ಎಂದು ಕೇಳಿದರು. ಪಾತ್ರೆಯಲ್ಲಿ ಅಂಟು ಬಿಸಿಯಾಗಿತ್ತು. ಸೆಗುಂದೊ ಕಚ್ಚುವ ಜಾಗದಲ್ಲಿ ನಿಂತ, ಓತಿಲಿಯಾ ಹಿಡಿಯುವ ಜಾಗದಲ್ಲಿ ನಿಂತಳು. ಎರಡು ಹೆಜ್ಜೆ ಸರಿಯುವಷ್ಟರಲ್ಲಿ ಪೊರೆ ನಡುವೆ ಹರಿಯಿತು. ಕೈ ತಣ್ಣಗಾಗಿದೆ ಅಂದ ಸೆಗುಂದೊ. ಡಾನ್ ಬೆಲಿಸಾರಿಯೊ ಗಾಜನ್ನು ಕೆಳಗಿಟ್ಟು ಅವನ ಕೈಯನ್ನೇ ನೋಡತೊಡಗಿದರು. ಇನ್ನೊಂದು ಹರಿದಿದ್ದರೆ ಕೇಳಿಯೇಬಿಡುತ್ತಿದ್ದರು. ಓತಿಲಿಯಾ ಏನೂ ಹೇಳಬೇಕಿರಲಿಲ್ಲ, ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಹಿಡಿದು ನಿಂತಿದ್ದರೆ ಸಾಕಿತ್ತು...

ಎರಡನೆಯ ಪೊರೆ ಚಾಚಿಕೊಂಡಿತು. ಗಂಡನ ಕಡೆಯಿಂದ ಅದು ಬಿಳುಚಿಕೊಳ್ಳುವುದು ಅವಳಿಗೆ ಕಾಣಿಸಿತು. ಹರಿಯುವ ಮುಂಚೆ ಹಾಗೆ ಬಿಳುಚುತ್ತದೆ. ತನ್ನ ಕೈಯಲ್ಲಿದ್ದ ಪೊರೆ ಹರಿಯುವುದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ. “ಅಲ್ಲಾಡ್ಬೇಡ” ಎಂದು ಗಂಡನಿಗಷ್ಟೇ ಕೇಳುವಂತೆ ಹೇಳಿ, ಅಂಚನ್ನು ಗಲ್ಲದಡಿ ಒತ್ತಿಕೊಂಡು, ಹಿಡಿದು ನಿಲ್ಲಬೇಕಾದವಳು ತಾನೇ ಹಿಂದಕ್ಕೆ ಸರಿಯತೊಡಗಿದಳು. ಹಲ್ಲು ಕಲಿತದ್ದನ್ನು ಇಷ್ಟು ವರ್ಷ ಕೈಯೂ ನೋಡಿಕೊಂಡಿತ್ತೇನೋ. ಪೊರೆ ಗೋಡೆಯಿಂದ ಗೋಡೆಗೆ ಬಂತು, ಅದರ ಆಚೆ ಕಿಟಕಿ ಕಂಡಿತು. ಸೆಗುಂದೊನ ಕೈಯಿಂದ ಕಣ್ಣು ತೆಗೆಯದಿದ್ದ ಡಾನ್ ಬೆಲಿಸಾರಿಯೊ ಚಪ್ಪಾಳೆ ತಟ್ಟಿ, ತಂದೆಗೆ ತಕ್ಕ ಮಗ ಎಂದು ಸೆಗುಂದೊನ ಭುಜ ಹಿಡಿದರು. ಮಾತು ಸುಳ್ಳಲ್ಲ, ನೋಡಿ.

ಅವರನ್ನು ಕಳಿಸಲು ಸೆಗುಂದೊ ಬೀದಿಯ ತುದಿಯವರೆಗೆ ಹೋದ. ಓತಿಲಿಯಾ ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು, ಧ್ವನಿ ಮಾತ್ರ ಏರಲಿಲ್ಲ.

“ಯಾಕೆ ಹೇಳಲಿಲ್ಲ ಅತ್ತೆ?”

“ನಲವತ್ತೆಂಟು ವರ್ಷ ಆಯ್ತು ಹಲ್ಲು ಕೀಳಿಸ್ಕೊಂಡು. ಇವತ್ತು ಬಾಯಿಬಿಟ್ಟು ಹೇಳಿಬಿಟ್ರೆ, ಮತ್ತೆ ಅದನ್ನ ಯಾತಕ್ಕೆ ಕೀಳಿಸ್ಕೊಂಡೆ?”

ಓತಿಲಿಯಾ ಹರಿದ ಪೊರೆಯ ಚೂರುಗಳನ್ನು ನೆಲದಿಂದ ಆಯ್ದುಕೊಂಡಳು.

“ನೀನು ಯಾಕೆ ಪೊರೆ ಉಳಿಸ್ದೆ?” ಎಂದು ಸೋಯ್ಲಾ ಕೇಳಿದಳು. “ಬಿಟ್ಟಿದ್ರೆ ಹರೀತಿತ್ತಲ್ಲ.”

ಅಗ್ಗಿಷ್ಟಿಕೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಬೆಲ್ಲದ ನೀರು ಕುಡಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೋಯ್ಲಾ ಸೊಸೆಯ ಲೋಟಕ್ಕೆ ತಾನೇ ಬಗ್ಗಿಸಿದಳು.

ಅದಾದ ಐದನೆಯ ವಾರ ಸೋಯ್ಲಾ ಪೂಜೆಯಿಂದ ಬಂದು ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಲ್ಲ ಸೇರಿದರು. ಅಂಗಳದಲ್ಲಿ ಕಾಫಿ ಕಾಯುತ್ತಿತ್ತು, ಹೆಂಗಸರು ಜಪಮಾಲೆ ಹಿಡಿದಿದ್ದರು. ಓತಿಲಿಯಾ ಅತ್ತೆಯ ಉಡುಪನ್ನು ತರಲೆಂದು ಮುಂದಿನ ಕೋಣೆಗೆ ಹೋಗಿ ಕೆಳಗಿನ ಖಾನೆ ಎಳೆದಳು. ಉಡುಪಿನ ಮಡಿಕೆಯಲ್ಲೇ ತಂಬಾಕಿನ ಡಬ್ಬಿ ಇತ್ತು.

ಕೊಟ್ಟ ಮಾತು ನೆನಪಿತ್ತು. ಆದರೂ ಅವಳು ಡಬ್ಬಿಯನ್ನು ಬಿಚ್ಚಿ, ಹುಡುಕಿ, ಅರ್ಧ ಮುರಿದ ಹಲ್ಲೊಂದನ್ನು ತೆಗೆದಳು. ಮಂಡಿಯೂರಿ, ಖಾನೆಯ ಒಳಗಿನ ಅಂಚಿನ ಗುರುತಿಗೆ ಅದನ್ನು ಒತ್ತಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಇದೊಂದನ್ನು ಇಟ್ಟುಕೊಂಡರೆ ಸಾಕು. ಡಾನ್ ಬೆಲಿಸಾರಿಯೊಗೆ ಒಂದು ಕಾಗದ ಬರೆದರೆ ಸಾಕು.

ಬೆನ್ನ ಹಿಂದೆ ಸೆಗುಂದೊ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಹಲ್ಲನ್ನು ನೋಡಿದ, ಗುರುತನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತು. ಒಂದು ಕ್ಷಣ ಅವನ ತುಟಿ ಅದುರಿತು... ಈಗ ಹೇಳುತ್ತಾನೆ, ಈಗ ಅವಳ ಹೆಸರು ಹೇಳುತ್ತಾನೆ ಎಂದು ಓತಿಲಿಯಾ ಕಾದಳು. ಅವನು ಅವಳ ಪಕ್ಕ ಮಂಡಿಯೂರಿ, ಅವಳ ಬೆರಳುಗಳಿಂದ ಹಲ್ಲನ್ನು ಮೆಲ್ಲಗೆ ಬಿಡಿಸಿ ಡಬ್ಬಿಗೆ ಹಾಕಿದ. ಮುಚ್ಚಳ ಒತ್ತಿದ. ಅಳುತ್ತಿದ್ದ.

“ಅಮ್ಮನ ಜೊತೆ ಇಟ್ಬಿಡು ಓತಿಲಿಯಾ. ಆ ಹೆಸರು ಬಿಟ್ರೆ ನನ್ನ ಹತ್ರ ಇನ್ನೇನೂ ಇಲ್ಲ ಕಣೇ.”

ಅವನ ಅಪ್ಪನೂ ಹೀಗೇ ಅತ್ತಿದ್ದ. ಓತಿಲಿಯಾ ಎದ್ದು ಹೋಗಿ ಅತ್ತೆಗೆ ಉಡುಪು ತೊಡಿಸಿದಳು. ಶವಪೆಟ್ಟಿಗೆಯಲ್ಲಿ ಜೋಡಿಸಿದ ಕೈಗಳ ಕೆಳಗೆ, ಶಾಲಿನ ಮರೆಯಲ್ಲಿ ಡಬ್ಬಿ ಇಟ್ಟಳು. ಅಷ್ಟು ಹಂಗಿಸುತ್ತಿದ್ದ ಅತ್ತೆಗಾಗಿ ಇವಳು ಇಷ್ಟು ಅಳುತ್ತಾಳಲ್ಲ ಎಂದು ನಮ್ಮ ಬೀದಿಯ ಹೆಂಗಸರಿಗೆ ಆಶ್ಚರ್ಯವಾಯಿತು.

ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ಸೆಗುಂದೊ ಕಡ್ಡಿ ಕಾಯಿಸಿ ಹೊಸ ಪೆಟ್ಟಿಗೆಯ ಕೆಳಗಿನ ಖಾನೆಯ ತಳದಲ್ಲಿ ಹೆಸರು ಸುಟ್ಟ. ಒಂದೇ ಹೆಸರು. ಓತಿಲಿಯಾ ಕೇಳಲಿಲ್ಲ. ಅದೇ ಖಾನೆಗೆ ಒಳಗಿನ ಹೊದಿಕೆ ಇನ್ನೂ ಬಾಕಿ ಇತ್ತು. ಅಂಟು ಬಿಸಿಯಾದಾಗ ಇಬ್ಬರೂ ಎಂದಿನಂತೆ ಎದುರುಬದುರು ನಿಂತರು.

“ಹೂಂ, ಕಚ್ಚು” ಅಂದ ಸೆಗುಂದೊ.

ಅವಳು ಕಚ್ಚಿ ಎಳೆದಳು. ಪೊರೆ ಬಂತು. ಅಂಚು ಕತ್ತರಿಸಿ, ಹಲ್ಲಿನ ಗುರುತು ಮೇಲೆ ಕಾಣುವಂತೆ, ಆ ತುಂಡನ್ನು ಖಾನೆಯ ಮೂಲೆಗೆ ಒತ್ತಿದಳು. ಸೋಯ್ಲಾ ಮಾಡಿದ ಹಾಗೆಯೇ. ಆಮೇಲೆ ಖಾನೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

ಓತಿಲಿಯಾಳ ಹಲ್ಲುಗಳು ಸಾಲಾಗಿ, ನೆಟ್ಟಗೆ, ಎಲ್ಲರ ಹಲ್ಲಿನಂತೆಯೇ ಇದ್ದವು. ಅದು ಯಾರ ಬಾಯಿ ಎಂದು ಗಾಜು ಹಿಡಿದು ನೋಡಿದರೂ ಯಾರೂ ಹೇಳಲಾರರು. ಅವಳು ಖಾನೆಯನ್ನು ಪೆಟ್ಟಿಗೆಯೊಳಗೆ ತಳ್ಳಿ, ಅಂಟಿನ ಪಾತ್ರೆ ತೊಳೆಯಲು ಹೋದಳು.